ಡೈಕಾಸ್ಟ್ ರೇಸ್ ಕಾರಿಗೆ ಹೊಸ ರೂಪ: ರಿವೆಟ್ ಬಿಚ್ಚುವಲ್ಲಿಂದ ಟೈರಿನ ಕೊಳೆಯವರೆಗೆ

ಡೈಕಾಸ್ಟ್, ಅಂದರೆ ಅಚ್ಚಿನಲ್ಲಿ ಲೋಹ ಎರಕ ಹೊಯ್ದು ಮಾಡಿದ ಮಾದರಿ ರೇಸ್ ಕಾರನ್ನು ತಿದ್ದುವ ಕೆಲಸ ಭಾಗಾಕಾರದಿಂದ ಶುರುವಾಗುತ್ತದೆ. ನಿಜವಾದ ಕಾರಿನ ಉದ್ದವನ್ನು ಮಿಲಿಮೀಟರ್‌ಗಳಲ್ಲಿ ಬರೆದುಕೊಳ್ಳಿ, ಕೈಯಲ್ಲಿರುವ ಮಾದರಿಯ ಉದ್ದವನ್ನು ವರ್ನಿಯರ್ ಕ್ಯಾಲಿಪರ್‌ನಿಂದ ಅಳೆಯಿರಿ, ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿ. ಸಿಗುವ ಸಂಖ್ಯೆಯೇ ನಿಮ್ಮ ಮಾದರಿಯ ನಿಜವಾದ ಪ್ರಮಾಣ. ಪೊಟ್ಟಣದ ಮೇಲೆ 1:64 ಎಂದು ಅಚ್ಚಾಗಿದ್ದರೂ ಆಟಿಕೆಯಾಗಿ ಮಾರುವ ಸಣ್ಣ ಕಾರುಗಳು ಎಷ್ಟೋ ಸಲ ಆ ಲೆಕ್ಕಕ್ಕೆ ಕೂರುವುದಿಲ್ಲ. ಎಲ್ಲವೂ ಒಂದೇ ಅಳತೆಯ ಪೊಟ್ಟಣದಲ್ಲಿ ಹಿಡಿಸಬೇಕಾದ್ದರಿಂದ ದೊಡ್ಡ ಕಾರು ಕುಗ್ಗಿರುತ್ತದೆ, ಚಿಕ್ಕದು ಹಿಗ್ಗಿರುತ್ತದೆ. ಸಂಗ್ರಾಹಕರಿಗಾಗಿ ತಯಾರಾಗುವ 1:43 ಮತ್ತು 1:18 ಮಾದರಿಗಳನ್ನು ಹೆಚ್ಚು ನಂಬಬಹುದು.

ಈ ಒಂದು ಸಂಖ್ಯೆ ಮುಂದಿನ ಪ್ರತಿ ನಿರ್ಧಾರಕ್ಕೂ ಬೇಕು. ಚಾಲಕನ ಸೀಟ್ ಬೆಲ್ಟ್ ಸುಮಾರು 75 ಮಿ.ಮೀ. ಅಗಲ ಎಂದುಕೊಳ್ಳಿ. 1:18ರಲ್ಲಿ ಅದು 4.2 ಮಿ.ಮೀ., 1:43ರಲ್ಲಿ 1.7, 1:64ರಲ್ಲಿ 1.2 ಮಾತ್ರ. ಕಾರ್ ರೇಸುಗಳ ಅಂತರರಾಷ್ಟ್ರೀಯ ಸಂಸ್ಥೆ ಎಫ್‌ಐಎ ನಿಯಮದ ಪ್ರಕಾರ ರೋಲ್ ಕೇಜಿನ (ಕಾರು ಮಗುಚಿದಾಗ ಚಾಲಕನನ್ನು ಕಾಯುವ ಕೊಳವೆ ಚೌಕಟ್ಟಿನ) ಮುಖ್ಯ ಕಮಾನಿಗೆ 45 ಮಿ.ಮೀ. ವ್ಯಾಸದ ಕೊಳವೆ ಬಳಸಬಹುದು. 1:43ಕ್ಕೆ ಇಳಿಸಿದರೆ ಒಂದು ಮಿಲಿಮೀಟರಿಗಿಂತ ಕೂದಲೆಳೆಯಷ್ಟು ಹೆಚ್ಚು. ಬಣ್ಣದ ಲೆಕ್ಕವಂತೂ ಇನ್ನೂ ಕಣ್ಣು ತೆರೆಸುವಂಥದ್ದು: 1:64 ಮಾದರಿಯ ಮೇಲೆ 0.1 ಮಿ.ಮೀ. ದಪ್ಪದ ಬಣ್ಣ ಬಿದ್ದರೆ, ನಿಜವಾದ ಕಾರಿನ ಮೇಲೆ 6.4 ಮಿ.ಮೀ. ಬಣ್ಣ ಮೆತ್ತಿದಂತೆ. ಬಾಗಿಲಿನ ಗೆರೆಗಳು ಮುಚ್ಚಿಹೋಗುವುದು, ಅಂಚುಗಳು ಉಂಡೆಯಾಗುವುದು ಇದರಿಂದಲೇ. ಮಾದರಿ ಆಟಿಕೆಯಂತೆ ಕಾಣುವುದಕ್ಕೆ ವಿವರ ಕಡಿಮೆಯಾದದ್ದಕ್ಕಿಂತ ವಿವರ ದಪ್ಪವಾದದ್ದೇ ಹೆಚ್ಚಿನ ಸಲ ಕಾರಣ ಎಂಬುದು ನನ್ನ ಖಚಿತ ಅಭಿಪ್ರಾಯ.

ಯಾವ ಕಾರು, ಯಾವ ಓಟ, ಯಾವ ಹೊತ್ತು

ರೇಸ್ ಕಾರಿಗೆ ಒಂದೇ ರೂಪವಿರುವುದಿಲ್ಲ. 1075 ಎಂಬ ಚಾಸಿ ಸಂಖ್ಯೆಯ ಫೋರ್ಡ್ ಜಿಟಿ40 ಗಲ್ಫ್ ತೈಲ ಕಂಪನಿಯ ತಿಳಿನೀಲಿ ಮತ್ತು ಕಿತ್ತಳೆ ಬಣ್ಣಗಳಲ್ಲಿ ಫ್ರಾನ್ಸಿನ ಲೆ ಮಾನ್ಸ್ 24 ಗಂಟೆಗಳ ಓಟವನ್ನು 1968ರಲ್ಲೂ ಗೆದ್ದಿತು, 1969ರಲ್ಲೂ ಗೆದ್ದಿತು. ಮೊದಲ ವರ್ಷ ಅದರ ಸಂಖ್ಯೆ 9, ಓಡಿಸಿದವರು ಪೆಡ್ರೊ ರೋಡ್ರಿಗಸ್ ಮತ್ತು ಲೂಸಿಯೆನ್ ಬಿಯಾಂಕಿ. ಮರುವರ್ಷ ಸಂಖ್ಯೆ 6, ಚಾಲಕರು ಜಾಕಿ ಇಕ್ಸ್ ಮತ್ತು ಜಾಕಿ ಆಲಿವರ್. ಕಾರು ಒಂದೇ, ಮಾದರಿ ಎರಡು. ಆದ್ದರಿಂದ ಡ್ರಿಲ್ ಕೈಗೆತ್ತಿಕೊಳ್ಳುವ ಮುನ್ನ ಒಂದು ಓಟವನ್ನು ಆರಿಸಿಕೊಳ್ಳಿ. ಸಾಧ್ಯವಾದರೆ ಆ ಓಟದ ಒಂದು ಹೊತ್ತನ್ನೂ ನಿಗದಿ ಮಾಡಿ. ಆರಂಭದ ಸಾಲಿನಲ್ಲಿ ನಿಂತ ಕಾರು ಮಿರಮಿರ ಮಿಂಚುತ್ತದೆ. ಅದೇ ಕಾರು ಮುಕ್ತಾಯದ ಗೆರೆ ದಾಟುವಾಗ ಮೂತಿಯ ತುಂಬ ಹುಳು, ಪಕ್ಕದ ತುಂಬ ರಬ್ಬರು, ಹಿಂಭಾಗದ ತುಂಬ ಎಣ್ಣೆಯ ತೆಳು ಪದರ ಹೊತ್ತಿರುತ್ತದೆ.

ಆ ಓಟದ ಛಾಯಾಚಿತ್ರಗಳನ್ನು ಮುಂದೆ, ಹಿಂದೆ, ಎರಡೂ ಪಕ್ಕ, ಸಾಧ್ಯವಾದರೆ ಮೇಲಿನಿಂದಲೂ ಕೂಡಿಸಿಕೊಳ್ಳಿ. ಮ್ಯೂಸಿಯಮ್ಮಿನಲ್ಲಿರುವ ಕಾರಿನ ಚಿತ್ರವನ್ನು ಎಚ್ಚರದಿಂದ ಬಳಸಿ. ಮರುಬಣ್ಣವಾಗಿ ಓಟದ ದಿನದ ಗುರುತುಗಳು ಬದಲಾಗಿರುವುದು ಸಾಮಾನ್ಯ. ತಂಬಾಕು ಕಂಪನಿಗಳ ಪ್ರಾಯೋಜಕತ್ವವಿದ್ದ ಕಾರುಗಳ ವಿಷಯದಲ್ಲಿ ಇನ್ನೊಂದು ತೊಡಕಿದೆ. 1988ರ 16 ಓಟಗಳಲ್ಲಿ 15 ಗೆದ್ದ ಮೆಕ್ಲಾರೆನ್ ಎಂಪಿ4/4ರಂಥ ಕಾರುಗಳ ಮಾದರಿಗಳು ಆ ಕಂಪನಿಯ ಹೆಸರಿಲ್ಲದೆ ಮಾರಾಟವಾಗುವುದೇ ಹೆಚ್ಚು, ಅದನ್ನು ಪ್ರತ್ಯೇಕ ಡೆಕಾಲ್ (ನೀರಿನಲ್ಲಿ ನೆನೆಸಿ ಜಾರಿಸಿ ಅಂಟಿಸುವ ತೆಳು ಮುದ್ರಿತ ಚಿತ್ರ) ತಂದು ಹಚ್ಚಬೇಕಾಗುತ್ತದೆ. ಆದರೆ ಕೆಲವು ದೇಶಗಳ ಓಟಗಳಲ್ಲಿ ಅಂದೇ ಆ ಹೆಸರನ್ನು ಮರೆಮಾಡಿ ಓಡಿಸಲಾಗುತ್ತಿತ್ತು. ನಿಮ್ಮ ಓಟ ಯಾವುದೆಂದು ನೋಡಿಯೇ ಹಚ್ಚಿ.

ಬಿಚ್ಚುವುದು

ಬಿಚ್ಚುವ ಮೊದಲು ಲೋಹದ ಆರೋಗ್ಯ ನೋಡಬೇಕು. ಈ ಕಾರುಗಳ ದೇಹ ಝಮಾಕ್ ಎಂಬ ಮಿಶ್ರಲೋಹದ್ದು: ಬಹುಪಾಲು ಸತು, ಸುಮಾರು ಶೇ 4ರಷ್ಟು ಅಲ್ಯುಮಿನಿಯಂ, ಜೊತೆಗೆ ತುಸು ಮೆಗ್ನೀಸಿಯಂ ಮತ್ತು ತಾಮ್ರ. ಎರಕ ಹೊಯ್ಯುವಾಗ ಅದರಲ್ಲಿ ಸೀಸ ಬೆರೆತಿದ್ದರೆ ಲೋಹ ವರ್ಷಗಳು ಕಳೆದಂತೆ ಒಳಗಿನಿಂದಲೇ ಉಬ್ಬಿ, ಬಿರುಕುಬಿಟ್ಟು, ಪುಡಿಯಾಗುತ್ತದೆ. ತೇವ ಮತ್ತು ಸೆಕೆ ಅದನ್ನು ಬೇಗ ಮಾಡುತ್ತವೆ. ಹಳೆಯ ಮಾದರಿಯ ಬಣ್ಣದಡಿ ಜೇಡರ ಬಲೆಯಂಥ ಬಿರುಕು ಕಂಡರೆ, ದೇಹ ಡೊಂಕಾಗಿದ್ದರೆ, ಅದಕ್ಕೆ ಡ್ರಿಲ್ ಹಾಕಬೇಡಿ. ಅದಕ್ಕೆ ಚಿಕಿತ್ಸೆಯಿಲ್ಲ. ಇನ್ನು ಅಪರೂಪದ ಹಳೆಯ ಮಾದರಿ ಸುಸ್ಥಿತಿಯಲ್ಲಿದ್ದರೆ ಅದನ್ನೂ ಮುಟ್ಟಬೇಡಿ. ಅಂಥದ್ದರ ಬೆಲೆಯೆಲ್ಲ ಇರುವುದು ಮೂಲ ಬಣ್ಣದಲ್ಲೇ. ಸಾಮಾನ್ಯವಾಗಿ ಸಿಗುವ, ಬಣ್ಣ ಕೆತ್ತಿಹೋದ ಕಾರು ಈ ಕೆಲಸಕ್ಕೆ ಹೇಳಿ ಮಾಡಿಸಿದ್ದು.

1:18 ಮತ್ತು 1:43 ಮಾದರಿಗಳ ಅಡಿಯಲ್ಲಿ ಸಾಮಾನ್ಯವಾಗಿ ಸ್ಕ್ರೂಗಳೇ ಇರುವುದರಿಂದ ಸರಿಯಾದ ತುದಿಯ ಸ್ಕ್ರೂಡ್ರೈವರ್ ಇದ್ದರೆ ಸಾಕು. 1:64 ಕಾರಿನಲ್ಲಿ ದೇಹದಿಂದ ಇಳಿದ ಲೋಹದ ಕಂಬದ ತುದಿಯನ್ನೇ ಚಪ್ಪಟೆ ಮಾಡಿ ಅಡಿಭಾಗವನ್ನು ಹಿಡಿಸಿರುತ್ತಾರೆ. ಈ ರಿವೆಟ್ ತೆಗೆಯುವಾಗಲೇ ಹೆಚ್ಚು ಮಾದರಿಗಳು ಕೆಡುತ್ತವೆ, ಆದ್ದರಿಂದ ಇಲ್ಲಿ ಅವಸರ ಬೇಡ. ಕಾರನ್ನು ದಪ್ಪ ಬಟ್ಟೆಯಲ್ಲಿ ಸುತ್ತಿ ಮೆತ್ತಗೆ ವೈಸಿನಲ್ಲಿ ಹಿಡಿಸಿ. ರಿವೆಟ್ಟಿನ ನಟ್ಟನಡುವೆ ಚೂಪಾದ ಪಂಚ್‌ನಿಂದ ಚುಕ್ಕೆ ಗುರುತು ಮಾಡಿ. ಈ ಚುಕ್ಕೆ ಇಲ್ಲದಿದ್ದರೆ ಡ್ರಿಲ್ಲಿನ ತುದಿ ಜಾರಿ ಅಡಿಭಾಗವನ್ನು ಗೀರುತ್ತದೆ. ಮೊದಲು 1.6 ಮಿ.ಮೀ. ಬಿಟ್‌ನಿಂದ ನೇರವಾಗಿ ಸುಮಾರು 5 ಮಿ.ಮೀ. ಆಳ ಕೊರೆಯಿರಿ. ಆಳ ತಿಳಿಯಲು ಬಿಟ್ಟಿಗೆ ಟೇಪಿನ ಚೂರು ಸುತ್ತಿಕೊಳ್ಳಿ, ಇಲ್ಲವಾದರೆ ತುದಿ ಬಾನೆಟ್ಟಿನಿಂದ ಆಚೆ ಬರುತ್ತದೆ. ಆಮೇಲೆ ರಿವೆಟ್ಟಿನ ತಲೆಯಷ್ಟೇ ಅಗಲದ, 4 ಮಿ.ಮೀ. ಆಸುಪಾಸಿನ ಬಿಟ್ ಹಾಕಿ ನಿಧಾನವಾಗಿ ತಲೆಯನ್ನಷ್ಟೇ ಕೊರೆಯಿರಿ. ಅಂಚು ತೆಳುವಾದ ಉಂಗುರದಂತೆ ಕಳಚಿ ಬಿಟ್ಟಿನೊಡನೆ ತಿರುಗತೊಡಗಿದ ಕೂಡಲೇ ನಿಲ್ಲಿಸಿ. ಅಲ್ಲಿಂದ ಮುಂದೆ ಹೋದರೆ ತಿನ್ನುವುದು ಕಂಬವನ್ನು.

1.6 ಮಿ.ಮೀ. ಎಂದದ್ದಕ್ಕೆ ಕಾರಣವಿದೆ: ಎಂ2, ಅಂದರೆ 2 ಮಿ.ಮೀ. ವ್ಯಾಸದ ಸ್ಕ್ರೂವಿಗೆ ಥ್ರೆಡ್ ಕೊರೆಯಲು ಬೇಕಾದ ರಂಧ್ರ ಅದೇ. ಥ್ರೆಡ್ ಕೊರೆಯುವ ಉಪಕರಣವಾದ ಎಂ2 ಟ್ಯಾಪ್‌ಗೆ ಒಂದು ಹನಿ ಎಣ್ಣೆ ಹಾಕಿ ಕೈಯಿಂದಲೇ ಅರ್ಧ ಸುತ್ತು ಮುಂದೆ, ಕಾಲು ಸುತ್ತು ಹಿಂದೆ ತಿರುಗಿಸಿ. ಸತುವಿನ ಚೂರು ಟ್ಯಾಪಿನ ಹಲ್ಲಿನಲ್ಲಿ ಬೇಗ ಕಟ್ಟಿಕೊಳ್ಳುತ್ತದೆ. ಬಿಗಿ ಎನಿಸಿದರೆ ಹೊರತೆಗೆದು ಒರೆಸಿ ಮತ್ತೆ ಹಾಕಿ. ಬಲವಂತ ಮಾಡಿದರೆ ಟ್ಯಾಪ್ ಒಳಗೇ ಮುರಿಯುತ್ತದೆ, ಮುರಿದ ಉಕ್ಕನ್ನು ಮೃದುವಾದ ಸತುವಿನಿಂದ ತೆಗೆಯುವುದು ಹೆಚ್ಚುಕಡಿಮೆ ಅಸಾಧ್ಯ. ಥ್ರೆಡ್ ಆದಮೇಲೆ 4 ಮಿ.ಮೀ. ಉದ್ದದ ಎಂ2 ಸ್ಕ್ರೂ ಹಾಕಿದರೆ ಕಾರನ್ನು ಬೇಕೆಂದಾಗ ಬಿಚ್ಚಿ ಜೋಡಿಸಬಹುದು. ಕೊರೆಯುವಾಗ ಕನ್ನಡಕ ಕಡ್ಡಾಯ.

ಬಣ್ಣ ತೆಗೆಯುವುದು

ಗಾಜು, ಒಳಾಂಗಣ, ದೀಪ, ಚಕ್ರ ಎಲ್ಲವನ್ನೂ ಹೊರತೆಗೆದು ಬರಿಯ ಲೋಹದ ದೇಹವಷ್ಟೇ ಉಳಿಯಬೇಕು. ಬಣ್ಣ ಕರಗಿಸುವ ಯಾವ ದ್ರಾವಣಕ್ಕೂ ಪ್ಲಾಸ್ಟಿಕ್ ಹತ್ತಿರ ಬರಬಾರದು. ಜೆಲ್ ರೂಪದ ಪೇಂಟ್ ರಿಮೂವರ್ ಅಥವಾ ಮುಚ್ಚಳವಿರುವ ಗಾಜಿನ ಜಾಡಿಯಲ್ಲಿ ಅಸಿಟೋನ್ ಸಾಕಾಗುತ್ತದೆ. ಅಸಿಟೋನ್ ತೆಳು ನೈಟ್ರೈಲ್ ಕೈಗವಸನ್ನು ಬೇಗ ದಾಟುತ್ತದೆ, ಆದ್ದರಿಂದ ಕಾರನ್ನು ಇಕ್ಕಳದಿಂದ ಎತ್ತಿ. ಕೆಲಸ ಗಾಳಿಯಾಡುವ ಕಡೆ ನಡೆಯಲಿ, ಸುತ್ತ ಬೆಂಕಿ ಇರಕೂಡದು. ಕಾಸ್ಟಿಕ್ ಸೋಡಾ ಬಳಸುವ ಸಲಹೆ ಹಲವರು ಕೊಡುತ್ತಾರೆ, ನಾನು ಬೇಡವೆನ್ನುತ್ತೇನೆ. ಅದು ಸತುವಿನೊಡನೆ ವರ್ತಿಸಿ ಹೈಡ್ರೋಜನ್ ಬಿಡುತ್ತದೆ, ಲೋಹದ ಮೈಯನ್ನೂ ತಿನ್ನುತ್ತದೆ. ಹಳೆಯ ಆಟಿಕೆಗಳ ಬಣ್ಣದಲ್ಲಿ ಸೀಸವಿರುವ ಸಾಧ್ಯತೆ ಇರುವುದರಿಂದ ಅವನ್ನು ಒಣದಾಗಿ ಉಜ್ಜಿ ಧೂಳೆಬ್ಬಿಸಬೇಡಿ.

ಬಣ್ಣ ಹೋದಮೇಲೆ ದೇಹದ ಉದ್ದಕ್ಕೂ ಅಚ್ಚಿನ ಎರಡು ಭಾಗ ಕೂಡಿದ ಸಣ್ಣ ಏಣು ಕಾಣುತ್ತದೆ. ಚಕ್ರದ ಕಮಾನಿನ ಮೇಲೆ, ಛಾವಣಿಯ ಅಂಚಿನಲ್ಲಿ ಅದು ಸ್ಪಷ್ಟ. ಸಣ್ಣ ಅರದಿಂದ ಉಜ್ಜಿ, ನಂತರ 400, 800 ನಂಬರಿನ ಸ್ಯಾಂಡ್‌ಪೇಪರ್‌ನಿಂದ ನೀರು ಹಾಕಿ ನಯ ಮಾಡಿ. ಅರಕ್ಕೆ ಮೊದಲೇ ಸೀಮೆಸುಣ್ಣ ಉಜ್ಜಿಕೊಂಡರೆ ಸತು ಹಲ್ಲಿನಲ್ಲಿ ಕಟ್ಟಿಕೊಳ್ಳುವುದಿಲ್ಲ. ಬಾಗಿಲು ಮತ್ತು ಬಾನೆಟ್ಟಿನ ಗೆರೆಗಳನ್ನು ಚೂಪಾದ ಗೀರುಮೊನೆಯಿಂದ ಈಗಲೇ ಆಳ ಮಾಡಿಕೊಳ್ಳಿ.

ಆಕಾರ ಬದಲಿಸುವುದಿದ್ದರೆ ಅದಕ್ಕೂ ಇದೇ ಸಮಯ. ಮೂತಿಯಡಿಯ ಸ್ಪ್ಲಿಟರ್, ಹಿಂದಿನ ರೆಕ್ಕೆ ಇವುಗಳನ್ನು ತೆಳು ಪ್ಲಾಸ್ಟಿಕ್ ಹಾಳೆಯಿಂದ ಕತ್ತರಿಸಿ. 10 ಮಿ.ಮೀ. ದಪ್ಪದ ಸ್ಪ್ಲಿಟರ್ 1:43ರಲ್ಲಿ ಕಾಲು ಮಿಲಿಮೀಟರ್‌ಗಿಂತ ಕಡಿಮೆ, ಹಾಗಾಗಿ 0.25 ಮಿ.ಮೀ. ಹಾಳೆಯೇ ಸರಿ. ಲೋಹಕ್ಕೆ ಪ್ಲಾಸ್ಟಿಕ್ ಅಂಟಿಸಲು ಎರಡು ಭಾಗ ಬೆರೆಸುವ ಎಪಾಕ್ಸಿ ಉತ್ತಮ. ಅಚ್ಚಿನಲ್ಲೇ ಮೂಡಿದ ಉಬ್ಬು ಕನ್ನಡಿ, ವೈಪರ್‌ಗಳನ್ನು ಕೆರೆದು ತೆಗೆದು ಹಿತ್ತಾಳೆ ತಂತಿಯಿಂದ ಹೊಸದು ಮಾಡಿದರೆ ಎದ್ದು ಕಾಣುವ ವ್ಯತ್ಯಾಸ ಬರುತ್ತದೆ.

ಬಣ್ಣ ಹಾಕುವುದು

ದೇಹವನ್ನು ಪಾತ್ರೆ ತೊಳೆಯುವ ಸೋಪು ಮತ್ತು ಹಳೆಯ ಟೂತ್‌ಬ್ರಶ್‌ನಿಂದ ತೊಳೆದು ಒಣಗಿಸಿ. ಆಮೇಲೆ ಬರಿಗೈಯಲ್ಲಿ ಮುಟ್ಟಬೇಡಿ. ಬೆರಳಿನ ಜಿಡ್ಡಿರುವ ಕಡೆ ಬಣ್ಣ ನಿಲ್ಲುವುದಿಲ್ಲ. ಒಳಗಿನ ಕಂಬಕ್ಕೆ ಕಡ್ಡಿ ಸಿಕ್ಕಿಸಿ ಹಿಡಿದುಕೊಳ್ಳಿ. ಕೆರೆದ ಸತು ಬೇಗ ಮಂಕಾಗುವುದರಿಂದ ಲೋಹಕ್ಕೆ ಹಿಡಿಯುವ ಪ್ರೈಮರನ್ನು ಅಂದೇ ಹಾಕಿಬಿಡಿ. ಕೆಂಪು, ಹಳದಿ, ಕಿತ್ತಳೆ ಬಣ್ಣಕ್ಕೆ ಬಿಳಿ ಪ್ರೈಮರ್, ಉಳಿದವಕ್ಕೆ ಬೂದು. ಬೂದು ಪ್ರೈಮರ್ ಮೇಲೆ ಹಳದಿ ಹಾಕಿದವರು ಬಣ್ಣ ಮುಚ್ಚಲೆಂದು ಪದರದ ಮೇಲೆ ಪದರ ಹಾಕುತ್ತಾರೆ, ಮೇಲೆ ಹೇಳಿದ 6.4 ಮಿಲಿಮೀಟರಿನ ಗತಿ ಅಲ್ಲಿಂದಲೇ ಬರುವುದು.

ಸ್ಪ್ರೇ ಡಬ್ಬಿಯನ್ನು ಉಗುರುಬೆಚ್ಚಗಿನ ನೀರಿನಲ್ಲಿ ಕೆಲವು ನಿಮಿಷ ಇಟ್ಟರೆ ಹನಿ ಸಣ್ಣದಾಗುತ್ತದೆ. ಒಲೆಯ ಮೇಲೆ, ಕುದಿಯುವ ನೀರಿನಲ್ಲಿ ಎಂದಿಗೂ ಬೇಡ. 20ರಿಂದ 25 ಸೆಂ.ಮೀ. ದೂರದಿಂದ, ಕಾರಿನ ಆಚೆ ಶುರುಮಾಡಿ ಈಚೆ ನಿಲ್ಲಿಸುತ್ತ ಬೀಸಿ. ಮೊದಲ ಪದರ ಮಂಜಿನಂತೆ ಹರಡಿರಬೇಕು, ಅಡಿಯ ಪ್ರೈಮರ್ ಕಾಣುತ್ತಿರಬೇಕು. ಮೂರು ತೆಳು ಪದರಗಳಲ್ಲಿ ಬಣ್ಣ ಕೂಡಿಬಂದರೆ ಸಾಕು. ಗಾಳಿಯಲ್ಲಿ ತೇವ ಹೆಚ್ಚಿರುವ ದಿನ ಲ್ಯಾಕರ್ ಬಣ್ಣ ಬೆಳ್ಳಗೆ ಮಬ್ಬಾಗುತ್ತದೆ, ಅಂಥ ದಿನ ಕೆಲಸವನ್ನೇ ಮುಂದೂಡಿ. ಸಾವಯವ ಆವಿ ತಡೆಯುವ ಫಿಲ್ಟರಿನ ಮಾಸ್ಕ್ ಧರಿಸಿ; ಧೂಳಿನ ಮಾಸ್ಕ್ ಆವಿಯನ್ನು ತಡೆಯುವುದಿಲ್ಲ. ಗಟ್ಟಿಕಾರಕ ಬೆರೆಸುವ ಎರಡು ಭಾಗದ ಕ್ಲಿಯರ್ (ಬಣ್ಣವಿಲ್ಲದ ಪಾರದರ್ಶಕ) ಲೇಪ ಗಾಜಿನಂತೆ ಹೊಳೆಯುತ್ತದೆ ನಿಜ, ಆದರೆ ಅದರಲ್ಲಿ ಐಸೊಸಯನೇಟ್ ಇರುತ್ತದೆ. ಮನೆಯ ಕೋಣೆಯಲ್ಲಿ ಅದನ್ನು ಸಿಂಪಡಿಸುವುದು ಶ್ವಾಸಕೋಶಕ್ಕೆ ಅಪಾಯ. ಸಾಮಾನ್ಯ ಹೊಳಪಿನ ಲ್ಯಾಕರ್ ಸಾಕು.

ಬಣ್ಣದ ಛಾಯೆಯ ಬಗ್ಗೆ ಒಂದು ಮಾತು. ನಿಜವಾದ ಕಾರಿನ ಬಣ್ಣದ ಕೋಡ್ ಹುಡುಕಿ ಅದನ್ನೇ ಮಾದರಿಗೆ ಹಾಕಿದರೆ ಅದು ಗಾಢವಾಗಿ ಕಾಣುತ್ತದೆ. ಏರ್‌ಬ್ರಶ್ ಬಳಸುವವರು ಸ್ವಲ್ಪ ಬಿಳಿ ಬೆರೆಸಿ ತಿಳಿ ಮಾಡುತ್ತಾರೆ, ನನಗೂ ಅದೇ ಸರಿಯೆನಿಸುತ್ತದೆ. ಲೋಹದ ಮಿನುಗಿರುವ ಬಣ್ಣಗಳಲ್ಲಿ ಕಣ ದೊಡ್ಡದಿದ್ದರೆ ಕಾರಿನ ಮೇಲೆ ಜರಿ ಎರಚಿದಂತಾಗುತ್ತದೆ, ಆದಷ್ಟು ನುಣುಪಾದ ಕಣದ್ದನ್ನೇ ಆರಿಸಿ.

ಡೆಕಾಲ್

ಪಟ್ಟೆ, ಸಂಖ್ಯೆ, ಪ್ರಾಯೋಜಕರ ಗುರುತು ಎಲ್ಲಕ್ಕೂ ನೀರಿನಲ್ಲಿ ಜಾರುವ ಡೆಕಾಲೇ ಬೇಕು. ಸ್ಟಿಕ್ಕರಿನ ದಪ್ಪ ಅಂಚು ಎಷ್ಟು ಒತ್ತಿದರೂ ಎದ್ದು ಕಾಣುತ್ತದೆ. ಮೈ ಹೊಳಪಾಗಿರಬೇಕು. ಮ್ಯಾಟ್ ಮೈಯ ಸಣ್ಣ ತಗ್ಗುಗಳಲ್ಲಿ ಗಾಳಿ ಸಿಕ್ಕಿಕೊಂಡು ಡೆಕಾಲಿನಡಿ ಬೆಳ್ಳಿಯಂತೆ ಮಿನುಗುತ್ತದೆ, ಅದನ್ನು ಆಮೇಲೆ ಸರಿಪಡಿಸುವುದು ಕಷ್ಟ.

ಚಿತ್ರದ ಅಂಚಿಗೆ ಹತ್ತಿಕೊಂಡೇ ಕತ್ತರಿಸಿ, ಉಗುರುಬೆಚ್ಚಗಿನ ನೀರಿನಲ್ಲಿ ಹತ್ತಿಪ್ಪತ್ತು ಸೆಕೆಂಡ್ ಅದ್ದಿ, ತೆಗೆದು ಕಾಗದದ ಮೇಲೆ ಇಡಿ. ಬೆರಳಿಗೆ ಜಾರತೊಡಗಿದಾಗ ಕಾರಿನ ಮೇಲೆ ಹನಿ ನೀರಿಟ್ಟು ಅದರ ಮೇಲೆ ಜಾರಿಸಿ, ಒದ್ದೆ ಕುಂಚದಿಂದ ಜಾಗಕ್ಕೆ ತನ್ನಿ, ಹತ್ತಿಕಡ್ಡಿಯನ್ನು ನಡುವಿನಿಂದ ಅಂಚಿನತ್ತ ಉರುಳಿಸಿ ನೀರು ಹೀರಿ. ಬಾಗಿಲಿನ ಗೆರೆ, ಗಾಳಿಕಿಂಡಿಗಳ ಮೇಲೆ ಹಾಯುವ ಡೆಕಾಲಿಗೆ ಮೆದುಗೊಳಿಸುವ ದ್ರಾವಣ ಹಚ್ಚಿ. ಕೆಲವೇ ಕ್ಷಣಗಳಲ್ಲಿ ಅದು ಸುಕ್ಕುಗಟ್ಟಿ ಹಾಳಾದಂತೆ ಕಾಣುತ್ತದೆ. ಆಗ ಮುಟ್ಟಲೇಬೇಡಿ. ಒಣಗುತ್ತ ತಾನಾಗಿ ಎಳೆದುಕೊಂಡು ಬಣ್ಣವೇ ಎಂಬಂತೆ ಗೆರೆಯೊಳಕ್ಕೆ ಕೂರುತ್ತದೆ. ಉಳಿದ ಗುಳ್ಳೆಗೆ ಸೂಜಿಯಿಂದ ಚುಚ್ಚಿ ಇನ್ನೊಂದು ಹನಿ ಬಿಡಿ.

ಸ್ವಂತ ಡೆಕಾಲ್ ಮುದ್ರಿಸುವವರು ಎರಡು ವಿಷಯ ತಿಳಿದಿರಬೇಕು. ಮನೆಯ ಪ್ರಿಂಟರ್ ಬಿಳಿಯನ್ನು ಮುದ್ರಿಸುವುದಿಲ್ಲ, ಆದ್ದರಿಂದ ಗಾಢ ಬಣ್ಣದ ಕಾರಿಗೆ ಬಿಳಿ ಡೆಕಾಲ್ ಕಾಗದ ಬಳಸಿ ಅಂಚನ್ನು ನಿಖರವಾಗಿ ಕತ್ತರಿಸಬೇಕು. ಇಂಕ್‌ಜೆಟ್ ಮುದ್ರಣವಾದರೆ ನೀರಿಗೆ ಹಾಕುವ ಮುನ್ನ ಕ್ಲಿಯರ್ ಸ್ಪ್ರೇಯಿಂದ ಮುಚ್ಚಬೇಕು, ಇಲ್ಲದಿದ್ದರೆ ಶಾಯಿ ಹರಿದುಹೋಗುತ್ತದೆ. ಒಂದು ದಿನ ಒಣಗಿದ ಮೇಲೆ ಅಂಟಿನ ಕಲೆ ಒರೆಸಿ ಕ್ಲಿಯರ್ ಹಾಕಿ; ಮೊದಲ ಪದರ ಬರಿಯ ತುಂತುರಾಗಿರಲಿ, ಒದ್ದೆ ಲ್ಯಾಕರ್ ಡೆಕಾಲನ್ನು ಕರಗಿಸಬಲ್ಲದು.

ಚಕ್ರ, ಒಳಾಂಗಣ, ಗೆರೆಗಳು

ಕಾರಿನ ನಿಲುವು ಸರಿಯಿಲ್ಲದಿದ್ದರೆ ಉಳಿದ ಶ್ರಮವೆಲ್ಲ ವ್ಯರ್ಥ. ಜಿಟಿ40ರ ಹೆಸರಿನಲ್ಲಿರುವ 40 ಅದರ ಎತ್ತರ, 40 ಇಂಚು, ಅಂದರೆ ಸುಮಾರು 1,016 ಮಿ.ಮೀ. 1:43ರಲ್ಲಿ ಅದು 23.6 ಮಿ.ಮೀ. ನೆಲದಿಂದ ಛಾವಣಿಗೆ 26 ಬಂದರೆ ನಿಮ್ಮ ಕಾರು ನಿಜದಲ್ಲಿ ಹತ್ತು ಸೆಂ.ಮೀ. ಮೇಲೆದ್ದಂತೆ. ಆಕ್ಸಲ್ ಕೂರುವ ತೋಡನ್ನು ಅರದಿಂದ ಆಳ ಮಾಡಿ, ಪ್ರತಿ ಸಲವೂ ಸಮತಟ್ಟಾದ ಗಾಜಿನ ಮೇಲಿಟ್ಟು ನಾಲ್ಕೂ ಚಕ್ರ ನೆಲ ಮುಟ್ಟುತ್ತವೆಯೇ ನೋಡಿ. ಹೊಸ ಚಕ್ರಗಳಿಗೆ ಹಿತ್ತಾಳೆಯ ಸಣ್ಣ ಕೊಳವೆಯೊಳಗೆ ಆಕ್ಸಲ್ ತೂರಿಸಿದರೆ ಅಗಲವನ್ನು ಬೇಕಾದಂತೆ ಹೊಂದಿಸಬಹುದು.

ಟೈರು ಕಪ್ಪಲ್ಲ, ಗಾಢ ಬೂದು. ನೆಲಕ್ಕೆ ತಾಗುವ ಮೈಯನ್ನು 600 ನಂಬರಿನ ಸ್ಯಾಂಡ್‌ಪೇಪರ್ ಮೇಲೆ ಉರುಳಿಸಿದರೆ ಹೊಳಪು ಹೋಗಿ ಓಡಿದ ಸ್ಲಿಕ್ (ತೋಡುಗಳಿಲ್ಲದ) ಟೈರಿನ ಗುಣ ಬರುತ್ತದೆ. ಈಚಿನ ಫಾರ್ಮುಲಾ ಒನ್ ಕಾರಾದರೆ ಟೈರಿನ ಬಣ್ಣದ ಗುರುತನ್ನೂ ಓಟಕ್ಕೆ ತಕ್ಕಂತೆ ಹಾಕಿ: 2019ರಿಂದ ಪಿರೆಲ್ಲಿ ಒಣ ಟೈರುಗಳಲ್ಲಿ ಕೆಂಪು ಸಾಫ್ಟ್, ಹಳದಿ ಮೀಡಿಯಂ, ಬಿಳಿ ಹಾರ್ಡ್; ಒದ್ದೆ ಟ್ರ್ಯಾಕಿನ ಟೈರುಗಳಲ್ಲಿ ಹಸಿರು ಇಂಟರ್‌ಮೀಡಿಯೆಟ್, ನೀಲಿ ಪೂರ್ಣ ಮಳೆಗೆ.

ಒಳಾಂಗಣಕ್ಕೆ ಮ್ಯಾಟ್ ಬೂದು ಬಳಿದು, ಬೆಲ್ಟಿಗೆ ಬಣ್ಣ ಹಚ್ಚಿದ ಮಾಸ್ಕಿಂಗ್ ಟೇಪನ್ನು ಲೆಕ್ಕದ ಅಗಲಕ್ಕೆ ಕತ್ತರಿಸಿ ಅಂಟಿಸಿ. ಬೆಲ್ಟ್ ಸೀಟಿನ ಮೇಲೆ ಜೋತುಬಿದ್ದಿರಲಿ, ಪಟ್ಟಿ ಹೊಡೆದಂತೆ ನೆಟ್ಟಗಿರಬಾರದು. ಗಾಜು ಅಂಟಿಸಲು ಬಿಳಿ ಅಂಟನ್ನೇ ಬಳಸಿ. ಸೂಪರ್ ಗ್ಲೂವಿನ ಆವಿ ಪಾರದರ್ಶಕ ಪ್ಲಾಸ್ಟಿಕ್ ಮೇಲೆ ಬೆಳ್ಳನೆಯ ಮಬ್ಬು ಕೂರಿಸುತ್ತದೆ.

ಗೆರೆಗಳಿಗೆ ತೆಳುಗೊಳಿಸಿದ ಎನಾಮಲ್ ಬಣ್ಣ ಹರಿಸಿ, ಒಣಗಿದ ಮೇಲೆ ವೈಟ್ ಸ್ಪಿರಿಟ್ ಸೋಕಿದ ಹತ್ತಿಕಡ್ಡಿಯಿಂದ ಹೆಚ್ಚಾದದ್ದನ್ನು ಒರೆಸಿ. ಅಡಿಯ ಲ್ಯಾಕರ್ ಚೆನ್ನಾಗಿ ಗಟ್ಟಿಯಾಗಿದ್ದರೆ ವೈಟ್ ಸ್ಪಿರಿಟ್ ಅದನ್ನು ಕದಲಿಸುವುದಿಲ್ಲ. ಬಿಳಿ ಕಾರಿಗೆ ತಿಳಿ ಬೂದು, ಕೆಂಪಿಗೆ ಗಾಢ ಕಂದು. ಎಲ್ಲ ಕಾರಿಗೂ ಕಪ್ಪು ಗೆರೆ ಹಾಕಿದರೆ ಅದು ಚಿತ್ರಪುಸ್ತಕದ ಕಾರಾಗುತ್ತದೆ.

ಓಟದ ಕೊಳೆ

ನನಗೆ ಬಹಳ ಪ್ರಿಯವಾದ ಹಂತ ಇದು. ಇಲ್ಲಿ ಮೊದಲ ನಿಯಮ: ತುಕ್ಕು ಬೇಡ. ಹೆಚ್ಚಿನ ರೇಸ್ ಕಾರುಗಳ ದೇಹ ಫೈಬರ್‌ಗ್ಲಾಸ್, ಅಲ್ಯುಮಿನಿಯಂ ಇಲ್ಲವೇ ಕಾರ್ಬನ್ ಫೈಬರಿನದು. ಕಲ್ಲು ಬಡಿದ ಕಡೆ ಕಾಣುವುದು ಪ್ರೈಮರ್ ಅಥವಾ ಅಡಿಯ ವಸ್ತುವಿನ ಬಣ್ಣ. ಸ್ಪಂಜಿನ ಚೂರಿಗೆ ಬಣ್ಣ ಸೋಕಿಸಿ, ಕಾಗದಕ್ಕೆ ಒತ್ತಿ ಬಹುಪಾಲು ಕಳೆದು, ಮೂತಿ ಮತ್ತು ಕಮಾನಿನ ಮುಂಭಾಗಕ್ಕೆ ಮಾತ್ರ ಹಗುರವಾಗಿ ತಾಗಿಸಿ.

ಎರಡನೆಯ ನಿಯಮ: ಕೊಳೆ ಗಾಳಿಯ ದಿಕ್ಕಿನಲ್ಲಿ ಸಾಗುತ್ತದೆ. ಚಕ್ರದ ಹಿಂದಿನಿಂದ ಶುರುವಾಗಿ ಬಾಗಿಲಿನ ಕೆಳಭಾಗದುದ್ದಕ್ಕೂ ತೆಳುವಾಗುತ್ತ ಹೋಗುತ್ತದೆ. ಪೇಸ್ಟಲ್ ಕಡ್ಡಿಯನ್ನು ಪುಡಿಮಾಡಿ, ಕಂದು ಬೆರೆತ ಬೂದು ಬಣ್ಣ ಮಾಡಿಕೊಂಡು ಮೆದು ಕುಂಚದಿಂದ ಮುಂದಿನಿಂದ ಹಿಂದಕ್ಕೆ ಎಳೆಯಿರಿ. ಹೊಳಪು ಮೈಗೆ ಪುಡಿ ಹಿಡಿಯುವುದಿಲ್ಲ, ಕೊಳೆ ಬರುವ ಜಾಗಕ್ಕೆ ಮೊದಲು ಮ್ಯಾಟ್ ಕ್ಲಿಯರ್ ಹಾಕಿ. ಹಿಂದಿನ ರೆಕ್ಕೆಯಡಿ ಎಕ್ಸಾಸ್ಟಿನ ಮಸಿ ಇರಲಿ. ಚಕ್ರದ ರಿಮ್ಮಿಗೆ ಬ್ರೇಕಿನ ಕಂದು-ಕಪ್ಪು ಧೂಳು ಬೇಕೇ ಬೇಕು.

ಮಳೆಯ ಓಟವಾದರೆ ಲೆಕ್ಕವೇ ಬೇರೆ. 1970ರ ಲೆ ಮಾನ್ಸ್ ಗೆದ್ದ, ಕೆಂಪು-ಬಿಳಿ ಬಣ್ಣದ 23ನೇ ಸಂಖ್ಯೆಯ ಪೋರ್ಷೆ 917 ಜೋರು ಮಳೆಯಲ್ಲಿ ಓಡಿದ ಕಾರು. ಅಂಥದ್ದರ ಮೇಲ್ಮೈಯನ್ನು ನೀರು ತೊಳೆದಿರುತ್ತದೆ. ಕೊಳೆ ಎದ್ದು ಕೂರುವುದು ಹಿಂಭಾಗದಲ್ಲಿ, ಕಮಾನಿನ ಹಿಂದೆ, ನೀರು ಒಣಗಿದ ಗೆರೆಗಳಲ್ಲಿ. ಛಾಯಾಚಿತ್ರ ನೋಡದೆ ಇದನ್ನು ಊಹಿಸಿ ಮಾಡಬೇಡಿ. ಎಲ್ಲಿ ಕೊಳೆಯಿಲ್ಲ ಎಂಬುದನ್ನೂ ಚಿತ್ರವೇ ಹೇಳುತ್ತದೆ: ಮುಂಗಾಜಿನ ಮೇಲೆ ವೈಪರ್ ಒರೆಸಿದ ಕಮಾನು ಶುಭ್ರವಾಗಿರುತ್ತದೆ, ಅಷ್ಟನ್ನು ಟೇಪಿನಿಂದ ಮುಚ್ಚಿಕೊಂಡು ಸುತ್ತ ಮಾತ್ರ ಮಬ್ಬು ಹಾಕಿ.

ಕೊನೆಗೆ ಸ್ಕ್ರೂ ಹಾಕುವಾಗ ಬೆರಳ ತುದಿಯ ಬಿಗಿ ಸಾಕು, ಸತುವಿನ ಥ್ರೆಡ್ ಬೇಗ ಸವೆಯುತ್ತದೆ. ಕಾರನ್ನು ಬಿಸಿಲು ಬೀಳದ, ತೇವವಿಲ್ಲದ ಮುಚ್ಚಿದ ಪೆಟ್ಟಿಗೆಯಲ್ಲಿಡಿ. ಮೆದು ವಿನೈಲ್ ಟೈರುಗಳಿದ್ದರೆ ಅವು ಪ್ಲಾಸ್ಟಿಕ್ ಪೀಠಕ್ಕೆ ನೇರವಾಗಿ ತಾಗದಂತೆ ನೋಡಿಕೊಳ್ಳಿ. ಟೈರಿನೊಳಗಿನ ಮೆದುಕಾರಕ ಹೊರಬಂದು ತಿಂಗಳುಗಳಲ್ಲಿ ಪೀಠವನ್ನು ಕರಗಿಸಿ ಅಲ್ಲೇ ಅಂಟಿಕೊಳ್ಳುತ್ತದೆ. ಅಡಿಭಾಗದ ಸ್ಕ್ರೂ ರಂಧ್ರಕ್ಕೇ ಪೀಠದಿಂದ ಉದ್ದ ಸ್ಕ್ರೂ ಕೊಟ್ಟು, ಚಕ್ರದ ಮೇಲೆ ಭಾರ ಬೀಳದಂತೆ ಕಾರನ್ನು ಕೂದಲಷ್ಟು ಎತ್ತಿ ನಿಲ್ಲಿಸುವುದು ಎಲ್ಲಕ್ಕಿಂತ ಒಳ್ಳೆಯದು.